ಕಾಟಾ ಹೇಳದ ಲೆಕ್ಕ

ನಮ್ಮ ಸೀಮೆಯಲ್ಲಿ ಅರವತ್ತು ದಾಟಿದವರ ಮುಖವನ್ನು ಯಾರೂ ನೋಡುವುದಿಲ್ಲ, ನಡಿಗೆ ನೋಡುತ್ತಾರೆ. ಬನಹಟ್ಟಿಯ ಪೇಟೆಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು ನಾಲ್ಕು ಹೆಜ್ಜೆ ಕುಂಟಿದರೆ ಸಾಕು, ಪಾನಪಟ್ಟಿ ಅಂಗಡಿಯ ಕಟ್ಟೆಯಿಂದ ತಪಾಸಣೆ ಶುರುವಾಗುತ್ತದೆ. "ಏನ್ರೀ ಮಾಸ್ತರ, ಮೊಣಕಾಲೋ, ಹಿಮ್ಮಡೋ?" ಎಂದು ಒಬ್ಬರು ಕೇಳಿದರೆ, "ಮೊಣಕಾಲ ಬ್ಯಾನಿಗೆ ಹೆಜ್ಜಿ ಹಿಂಗ ಬೀಳೂದಿಲ್ಲ, ಇದು ಹಿಮ್ಮಡದ್ದ" ಎಂದು ಇನ್ನೊಬ್ಬರು ನನ್ನ ಪರವಾಗಿ ಉತ್ತರಿಸುತ್ತಾರೆ. ಮೂರನೆಯವರು ನೇರವಾಗಿ ತೂಕಕ್ಕೆ ಬರುತ್ತಾರೆ: "ರಿಟೈರ್ ಆದ ಮ್ಯಾಲ ಮೈ ಬಂದೈತಿ ಬಿಡ್ರಿ."

ಮೈ ಬರುವುದು ನಮ್ಮಲ್ಲಿ ಶುಭಸೂಚನೆ. ಪಿಂಚಣಿ ಹೊತ್ತಿಗೆ ಸರಿಯಾಗಿ ಬರುತ್ತಿದೆ, ಸೊಸೆ ಹೊಟ್ಟೆ ತುಂಬ ಉಣ್ಣಲು ಹಾಕುತ್ತಾಳೆ, ಮಗ ಕೈಬಿಟ್ಟಿಲ್ಲ ಎನ್ನುವುದಕ್ಕೆಲ್ಲ ಹೊಟ್ಟೆಯೇ ಪುರಾವೆ. ಅದೇ ಮನುಷ್ಯ ಎಪ್ಪತ್ತು ದಾಟಿ ಸೊರಗಿದನೋ, "ಪಾಪ, ಮನ್ಯಾಗ ಯಾರೂ ನೋಡಂಗಿಲ್ಲೇನೋ" ಎಂಬ ಮಾತು ಮೂರು ಓಣಿ ದಾಟಿ ಬೀಗರ ಮನೆ ಮುಟ್ಟುತ್ತದೆ. ಹೀಗೆ ಮುಪ್ಪಿನ ಮೈ ಅರ್ಧ ನಮ್ಮದು, ಅರ್ಧ ಊರಿನದು. ಅದಕ್ಕೆ ನನ್ನ ತಕರಾರಿಲ್ಲ. ಊರು ಕಾಲುನೋವನ್ನು ಒಂದು ಖಾತೆಯಲ್ಲಿ, ತೂಕವನ್ನು ಇನ್ನೊಂದರಲ್ಲಿ ಬರೆದುಕೊಳ್ಳುತ್ತದಲ್ಲ, ತಕರಾರು ಅದಕ್ಕೆ. ವಯಸ್ಸಾದ ಮೇಲೆ ಅವೆರಡೂ ಒಂದೇ ಖಾತೆ.

ಹಿಮ್ಮಡದ ನೋವು ಬಲು ಶಿಸ್ತಿನದು. ಬೆಳಿಗ್ಗೆ ಹಾಸಿಗೆ ಬಿಟ್ಟು ಇಡುವ ಮೊದಲ ಹೆಜ್ಜೆಗೆ ಹಾಜರಿ ಹಾಕುತ್ತದೆ. ಬಚ್ಚಲಮನೆ ಮುಟ್ಟುವಷ್ಟರಲ್ಲಿ ಸಡಿಲಾಗುತ್ತದೆ. ಚಹಾ ಕುಡಿಯುತ್ತ ಪೇಪರು ಮುಗಿಸಿ ಏಳುವಾಗ ಮತ್ತೆ ಹಾಜರು. ಹಿಮ್ಮಡದ ಎಲುಬಿನಿಂದ ಬೆರಳುಗಳ ಬುಡದವರೆಗೆ ಅಂಗಾಲಿನ ಅಡಿಯಲ್ಲಿ ಗಟ್ಟಿ ನಾರಿನ ಪಟ್ಟಿಯೊಂದಿದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಜೋಲುವುದರಿಂದ ಆ ಪಟ್ಟಿ ಗಿಡ್ಡವಾಗಿ ಕೂತಿರುತ್ತದೆ. ಬೆಳಗಿನ ಮೊದಲ ಹೆಜ್ಜೆಗೆ ಅದು ಏಕಾಏಕಿ ಹಿಗ್ಗಬೇಕು, ಹಿಗ್ಗುವಾಗ ಚೀರುತ್ತದೆ. ಇದಕ್ಕೆ ವಯಸ್ಸಿನ ಕೊಡುಗೆಯೂ ಸೇರುತ್ತದೆ. ಹಿಮ್ಮಡದ ಕೆಳಗೆ ದೇವರು ಕೊಟ್ಟ ಕೊಬ್ಬಿನ ಮೆತ್ತೆ ವರ್ಷ ಕಳೆದಂತೆ ತೆಳುವಾಗುತ್ತದೆ. ಹೊಟ್ಟೆಯಲ್ಲಿ ಬೇಡವೆಂದರೂ ಕೂಡುವ ಕೊಬ್ಬು, ಬೇಕಾದ ಹಿಮ್ಮಡದಿಂದ ಮಾತ್ರ ಕರಗಿ ಹೋಗುತ್ತದೆ.

ಎಕ್ಸ್‌ರೇ ತೆಗೆಸಿದರೆ ಹಿಮ್ಮಡದ ಎಲುಬಿನಲ್ಲಿ ಸಣ್ಣದೊಂದು ಕೊಕ್ಕೆ ಕಾಣುವುದುಂಟು. "ಮುಳ್ಳು ಬೆಳದೈತಂತ" ಎಂಬ ಸುದ್ದಿಯ ಜೊತೆಗೆ, ಅದನ್ನು ಕೊಯ್ಯಬೇಕಂತೆ ಎಂಬ ಬಾಲಂಗೋಚಿಯೂ ಹಬ್ಬುತ್ತದೆ. ಜಮಖಂಡಿಯ ಡಾಕ್ಟರು ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಈ ಮುಳ್ಳು ನೋವಿಲ್ಲದವರ ಕಾಲಾಗೂ ಇರತೈತಿ ಸರ್. ಅದನ್ನ ಮರತ ಬಿಡ್ರಿ, ಮೀನಖಂಡ ಎಳೀರಿ" ಎಂದರು. ಗೋಡೆಗೆ ಎರಡೂ ಕೈ ಊರಿ, ಒಂದು ಕಾಲು ಹಿಂದಿಟ್ಟು, ಅದರ ಹಿಮ್ಮಡ ಏಳದಂತೆ ಮುಂದೆ ಬಾಗಿ 30 ಸೆಕೆಂಡು ನಿಲ್ಲುವುದು, ಹೀಗೆ ಎರಡೂ ಕಾಲಿಗೆ ಮೂರು ಮೂರು ಸಲ. ಏಳುವ ಮೊದಲು ಹಾಸಿಗೆಯಲ್ಲೇ ಕೂತು ಕಾಲ್ಬೆರಳುಗಳನ್ನು ಮೊಣಕಾಲಿನ ಕಡೆ ಎಳೆದುಕೊಳ್ಳುವುದು. ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಅಂಗಾಲಿನಡಿ ಉರುಳಿಸುವುದು. ಔಷಧ ಇಷ್ಟೇ. ಬಹುತೇಕರಿಗೆ ವರ್ಷದೊಳಗೆ ಗುಣವಾಗುತ್ತದಂತೆ. ಗೋಡೆ ದೂಡುತ್ತ ನಿಂತ ನನ್ನನ್ನು ಕಂಡು ಮೊಮ್ಮಗಳು, "ಅಜ್ಜಾ, ಮನಿ ಬೀಳತೈತೇನ?" ಎಂದು ಕೇಳಿದಳು. "ಬೀಳಬಾರದಂತನ ಆನಿಸಿ ಹಿಡದೇನಿ" ಎಂದೆ.

ನಮ್ಮ ಊರಿನಲ್ಲಿ ಹಿಮ್ಮಡದ ನೋವು ಇಷ್ಟು ಹಬ್ಬಲು ಮಾಸ್ತರಿಕೆಗಿಂತ ದೊಡ್ಡ ಕಾರಣವಿದೆ. ರಬಕವಿ-ಬನಹಟ್ಟಿ ನೇಕಾರರ ಅವಳಿ ಊರು. ಅಪ್ಪ ನೇಯುತ್ತಿದ್ದದ್ದು ಕುಣಿಮಗ್ಗದಲ್ಲಿ. ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯಬೇಕು. ಕೈ ಲಾಳಿ ಎಸೆದರೆ ಕಾಲು ಎಳೆಗಳನ್ನು ಬಿಡಿಸುತ್ತಿತ್ತು. ಅಪ್ಪನಿಗೆ ಟೊಂಕ ಹಿಡಿಯಿತು, ಕಣ್ಣು ಮಂಜಾಯಿತು, ಆದರೆ ಹಿಮ್ಮಡದ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ. ಪಾವರ್‌ಲೂಮ್ ಬಂದ ಮೇಲೆ ಕೂತ ನೇಕಾರ ಎದ್ದು ನಿಂತ. ಈಗ ತುಳಿಯುವುದು ಕರೆಂಟು. ಮನುಷ್ಯ ನಾಲ್ಕಾರು ಮಗ್ಗಗಳ ನಡುವೆ ಅಡ್ಡಾಡಬೇಕು, ಕಡಿದ ಎಳೆ ಕಟ್ಟಬೇಕು, ಕಂಡಕಿ ಬದಲಿಸಬೇಕು. ಕೆಳಗೆ ಫರಸಿ ಕಲ್ಲು, ಇಲ್ಲವೇ ಸಿಮೆಂಟು. ಮಗ್ಗಕ್ಕೆ ಮರ್ಯಾದೆ ಎಂದು ಚಪ್ಪಲಿ ಹೊರಗೆ. ನನ್ನ ಅಣ್ಣ ಆಯುಷ್ಯವೆಲ್ಲ ಹೀಗೆ ಬರಿಗಾಲಲ್ಲಿ ನಿಂತವನು. ಈಗಲೂ ಮಗ್ಗದ ಖಟಾಪಟದ ನಡುವೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತ ನಿಲ್ಲುತ್ತಾನೆ. ವೈನಿ ಹಳೆಯ ಗೋಣಿಚೀಲ ಮಡಚಿ, ಮೇಲೆ ಕೌದಿಯ ತುಂಡು ಹೊಲಿದು, ಅವನು ನಿಲ್ಲುವ ಜಾಗಕ್ಕೆ ಹಾಸಿದ್ದಾರೆ. ಅಣ್ಣನ ನೋವು ಅರ್ಧ ಇಳಿದದ್ದು ಆ ಹಾಸಿನಿಂದ. ಲಕ್ಷ ಲಕ್ಷ ಸುರಿದು ಮಗ್ಗ ತರುವ ನಾವು ಮಗ್ಗದ ಮುಂದೆ ನಿಲ್ಲುವ ಕಾಲಿಗೊಂದು ರಬ್ಬರಿನ ಹಾಸು ತರಲು ಇನ್ನೂ ಯೋಚಿಸುತ್ತಿದ್ದೇವೆ.

ಚಪ್ಪಲಿಯ ಮಾತಿಗೆ ಬಂದರೆ ನಮ್ಮ ನಾಡಿಗೆ ಕಾಲಿನ ಗೌರವ ಗೊತ್ತಿಲ್ಲವೆಂದು ಯಾರೂ ಹೇಳುವಂತಿಲ್ಲ. ತಾನು "ಶರಣು" ಎಂದರೆ ಬಸವಣ್ಣ "ಶರಣು ಶರಣಾರ್ಥಿ" ಎಂದರಲ್ಲ, ಆ ಹೆಚ್ಚಿನ ಶರಣಿನ ಋಣ ತೀರಿಸಲು ಹರಳಯ್ಯ-ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರು ಎಂಬ ಕಥೆ ಕೇಳಿ ಬೆಳೆದವರು ನಾವು. ಬಸವಣ್ಣ ಅವನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಬಂದಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬಾಗಲಕೋಟೆ, ಬೆಳಗಾವಿ, ವಿಜಯಪುರ, ಧಾರವಾಡ ಜಿಲ್ಲೆಗಳಿಗೂ ಅದರ ಹಕ್ಕು ದಕ್ಕಿತು. ಕರ್ ಕರ್ ಎಂದು ಸದ್ದು ಮಾಡುವ ಆ ಚಪ್ಪಲಿ ಮೆಟ್ಟಿ ಶಾಲೆಯ ಪಡಸಾಲೆಯಲ್ಲಿ ನಡೆದರೆ ಮೂರು ವರ್ಗಗಳ ಗಲಾಟೆ ತಾನಾಗಿ ನಿಲ್ಲುತ್ತಿತ್ತು. ಆದರೆ ಮೆತ್ತೆ ಕರಗಿದ ಹಿಮ್ಮಡಕ್ಕೆ ಆ ಚಪ್ಪಟೆ ತೊಗಲು ಫರಸಿಯ ತಮ್ಮನೇ ಸರಿ. ಹಿಮ್ಮಡ ತುಸು ಎತ್ತರ, ನಡುವಂಗಾಲಿಗೆ ಆನಿಕೆ, ಮುಂದೆ ಬೆರಳಿಗೆ ಅಗಲ ಜಾಗ ಇರುವ ಬೂಟು ಬೇಕೆಂದು ಡಾಕ್ಟರು ಬರೆದುಕೊಟ್ಟರು. ಅಂಗಡಿಯವನು ಅಳತೆ ತೆಗೆದು ಹಳೆಯ ನಂಬರಿಗಿಂತ ದೊಡ್ಡದನ್ನು ತಂದಿಟ್ಟ. ಇಪ್ಪತ್ತರಲ್ಲಿ ನಿಂತ ಕಾಲು ಅರವತ್ತರಲ್ಲಿ ಬೆಳೆಯುತ್ತದೆಯೇ ಎಂದು ನಾನು ವಾದಿಸಿದೆ. ಬೆಳೆಯುತ್ತದೆ. ಎಲುಬುಗಳನ್ನು ಬಿಗಿದ ಪಟ್ಟಿಗಳು ಸಡಿಲಾಗಿ ಪಾದ ಉದ್ದಕ್ಕೂ ಅಗಲಕ್ಕೂ ಹರಡುತ್ತದೆ, ಮೈಭಾರ ಹೆಚ್ಚಿದಷ್ಟೂ ಹೆಚ್ಚು ಹರಡುತ್ತದೆ. ಈಗ ನಾನು ಧೋತರದ ಕೆಳಗೆ ನೀಲಿ ಬಣ್ಣದ ಸ್ಪೋರ್ಟ್ಸ್ ಬೂಟು ಹಾಕಿ ಕಾಡಸಿದ್ಧೇಶ್ವರನ ಗುಡಿಗೆ ಹೋಗುತ್ತೇನೆ. ಹಳೆಯ ವಿದ್ಯಾರ್ಥಿಗಳು ನಮಸ್ಕಾರಕ್ಕೆ ಬಾಗಿದವರು ಅರ್ಧದಲ್ಲೇ ನಿಂತು ಬೂಟಿನ ರೇಟು ಕೇಳುತ್ತಾರೆ.

ಬೂಟು ಅರ್ಧ ಕೆಲಸ ಮಾಡಿತು. ಉಳಿದರ್ಧ ಮೈಭಾರದ್ದು. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಒತ್ತಡ ಸುಮಾರು 4 ಕಿಲೋದಷ್ಟು ಕಡಿಮೆಯಾಗುತ್ತದೆ. ಹಿಮ್ಮಡಕ್ಕೂ ಈ ಉಪಕಾರದ ಪಾಲು ಸಲ್ಲುತ್ತದೆ. ಇಳಿಸಬೇಕು, ನಿಜ. ಆದರೆ ಇಳಿಸುವುದು ಎಂಥ ಊರಿನಲ್ಲಿ! ಜಮಖಂಡಿ ಸೀಮೆಯ ರೈತರು ಸರಕಾರಕ್ಕೆ ಕಾಯದೆ, ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ನೀರು ನಿಂತಿತು, ಜೋಳದ ಹೊಲಗಳಿಗೆ ಕಬ್ಬು ಬಂತು. ಒಂದು ಕಡೆ ಸಕ್ಕರೆ ಕಾರ್ಖಾನೆಗಳ ಹೊಗೆ, ಇನ್ನೊಂದು ಕಡೆ ಮಹಾಲಿಂಗಪುರದ ಬೆಲ್ಲದ ಪೇಟೆ. ಇಲ್ಲಿ ಬಂದವರಿಗೆ ಸಪ್ಪೆ ಚಹಾ ಕೊಟ್ಟರೆ ನಂಟಸ್ತಿಕೆ ಹರಿಯುತ್ತದೆ. ದಿನಕ್ಕೆ ನಾಲ್ಕು ಮನೆ ಸುತ್ತುವ ನಿವೃತ್ತ ಮಾಸ್ತರನ ಗತಿ ಏನು?

ಆದರೂ ಕಬ್ಬು ಬೆಳೆಯುವವನಿಗೆ ತೂಕದ ಪಾಠ ಬೇರೆ ಯಾರೂ ಹೇಳಬೇಕಾಗಿಲ್ಲ. ಟ್ರ್ಯಾಕ್ಟರು ಕಾಟಾದ ಮೇಲೆ ನಿಂತಾಗ ಅವನು ನೋಡುವುದು ಟನ್ನು. ಆದರೆ ಕೇಂದ್ರ ಸರಕಾರ ಕಬ್ಬಿಗೆ ಬೆಲೆ ಕಟ್ಟುವುದು ರಿಕವರಿಯ ಮೇಲೆ, ಅಂದರೆ ಅದರೊಳಗೆ ಸಕ್ಕರೆ ಎಷ್ಟಿದೆ ಎಂಬುದರ ಮೇಲೆ. ಈಚಿನ ವರ್ಷಗಳಲ್ಲಿ 10.25 ಪ್ರತಿಶತ ರಿಕವರಿಯನ್ನು ಆಧಾರವಾಗಿ ಹಿಡಿಯುತ್ತಾರೆ. ಮುಪ್ಪಿನ ಮೈಯದೂ ಇದೇ ಲೆಕ್ಕ. ಕಾಟಾ ಎಪ್ಪತ್ತು ಕಿಲೋ ಎನ್ನುತ್ತದೆ. ಅದರಲ್ಲಿ ಮಾಂಸಖಂಡ ಎಷ್ಟು, ಕೊಬ್ಬು ಎಷ್ಟು ಎಂದು ಹೇಳುವುದಿಲ್ಲ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಮಾಂಸಖಂಡ 3ರಿಂದ 8 ಪ್ರತಿಶತದಷ್ಟು ಸವೆಯುತ್ತದೆ, ಅರವತ್ತರ ನಂತರ ಇನ್ನೂ ಬೇಗ. ಆ ಜಾಗಕ್ಕೆ ಕೊಬ್ಬು ಬಂದು ಕೂತರೆ ಕಾಟಾದ ಮುಳ್ಳು ಕದಲುವುದೇ ಇಲ್ಲ. "ನಾ ಮೂವತ್ತು ವರ್ಷದಿಂದ ಅದ ತೂಕ ಅದೀನಿ" ಎಂದು ಬೀಗುವವರು ಕುರ್ಚಿಯಿಂದ ಏಳಲು ಎರಡೂ ಕೈ ಊರುವುದನ್ನು ನಾನು ನೋಡಿದ್ದೇನೆ. ಅಂಥವರು ಊಟ ಬಿಟ್ಟು ತೂಕ ಇಳಿಸಲು ಹೊರಟರೆ ಕೊಬ್ಬಿನ ಜೊತೆ ಉಳಿದ ಮಾಂಸಖಂಡವೂ ಹೋಗುತ್ತದೆ. ಟನ್ನು ಇಳಿಯಿತು, ರಿಕವರಿಯೂ ಇಳಿಯಿತು.

ಮುಧೋಳದ ನನ್ನ ದೋಸ್ತ ಈ ಜಾತಿಯವನು. ಅವನ ಮನೆಯಲ್ಲಿ ಅಪ್ಪಟ ಮುಧೋಳ ನಾಯಿಯಿದೆ. ಅದರ ಸಣ್ಣ ನಡು, ಉದ್ದ ಕಾಲು, ಘೋರ್ಪಡೆ ಸಂಸ್ಥಾನಿಕರು ಆ ತಳಿಯನ್ನು ಕಾಪಾಡಿದ ಬಗೆ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಅದನ್ನು ಕಾಣಿಕೆ ಕೊಟ್ಟದ್ದು, ಎಲ್ಲವನ್ನೂ ವರ್ಣಿಸಲು ಅವನಿಗೆ ಒಂದು ತಾಸು ಸಾಲದು. ದಿನಾ ಓಡದಿದ್ದರೆ ನಾಯಿ ಕೆಡುತ್ತದೆಂದು ಅದಕ್ಕೊಬ್ಬ ಹುಡುಗನನ್ನೇ ಇಟ್ಟಿದ್ದಾನೆ. ತಾನು ಮಾತ್ರ ಜೋಕಾಲಿಯ ಮೇಲೆ ಕೂತು ಅದರ ಓಟ ನೋಡುತ್ತಾನೆ. ಅವನಿಗೆ ನಾನು ಅವನ ಊರಿನವನೇ ಆದ ರನ್ನನನ್ನು ನೆನಪಿಸಿದೆ. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿ 'ಗದಾಯುದ್ಧ'ದಲ್ಲಿ ಹನ್ನೊಂದು ಅಕ್ಷೋಹಿಣಿಯ ಒಡೆಯನನ್ನು ರಣರಂಗದಲ್ಲಿ ಹೆಣಗಳ ನಡುವೆ ಎಡವುತ್ತ ಕಾಲ್ನಡಿಗೆಯಲ್ಲಿ ನಡೆಸುತ್ತಾನೆ. ಆನೆ, ಕುದುರೆ, ರಥ ಎಲ್ಲ ಹೋದ ಮೇಲೆ ಚಕ್ರವರ್ತಿಗೆ ಉಳಿದದ್ದು ಎರಡು ಕಾಲು. ಕೊನೆಗೆ ಅವನು ಬಿದ್ದದ್ದೂ ತೊಡೆ ಮುರಿದೇ. ಮುಪ್ಪು ಗದೆ ಹಿಡಿದು ಬರುವುದಿಲ್ಲ, ಆದರೆ ಅದೂ ಹೊಡೆಯುವುದು ತೊಡೆಗೇ. ಮೈಯ ದೊಡ್ಡ ಮಾಂಸಖಂಡಗಳು ಅಲ್ಲಿವೆ. ಅವು ಸೋತರೆ ಹೆಜ್ಜೆಯ ಪೆಟ್ಟೆಲ್ಲ ಮೊಣಕಾಲಿಗೆ, ಹಿಮ್ಮಡಕ್ಕೆ ಇಳಿಯುತ್ತದೆ. ತೊಡೆಯ ಪರೀಕ್ಷೆಗೆ ಆಸ್ಪತ್ರೆಯೂ ಬೇಡ. ಎದೆಗೆ ಕೈ ಕಟ್ಟಿ, 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂಡುತ್ತೀರಿ ಎಂದು ಎಣಿಸಿದರೆ ಆಯಿತು. ಅರವತ್ತೈದು ದಾಟಿ ಎಪ್ಪತ್ತು ಮುಟ್ಟದ ಗಂಡಸು ಹನ್ನೆರಡು, ಹೆಂಗಸು ಹನ್ನೊಂದು ಮುಟ್ಟದಿದ್ದರೆ ಕಾಲಿನ ಬಲ ಕಡಿಮೆ ಎಂದರ್ಥ. ದೋಸ್ತ ಜೋಕಾಲಿಯಿಂದ ಇಳಿದು ಪರೀಕ್ಷೆಗೆ ಕೂತ. ಆರರ ಹತ್ತಿರ ಬಂದಾಗ "ಕುರ್ಚಿ ಸರಿ ಇಲ್ಲೋ" ಎಂದ.

ತೂಕ ಏರಿದ ಕಥೆ ನಗೆಯದು. ಇಳಿದ ಕಥೆ ಹಾಗಲ್ಲ. ಅಕ್ಕನನ್ನು ಕೊಟ್ಟದ್ದು ಬಿಳಗಿ ಕಡೆಯ ಹೊಳೆದಂಡೆಯ ಹಳ್ಳಿಗೆ. ಆಲಮಟ್ಟಿಯ ನೀರು 519.6 ಮೀಟರಿನವರೆಗೆ ನಿಂತಾಗ ಅವಳ ಹೊಲ ಹಿನ್ನೀರಿನಡಿ ಹೋಯಿತು. ಪರಿಹಾರದ ದುಡ್ಡು ಬಂತು, ಪುನರ್ವಸತಿ ಕೇಂದ್ರದಲ್ಲಿ ಆರ್‌ಸಿಸಿ ಮನೆ ಎದ್ದಿತು. ಬೆಳಿಗ್ಗೆ ಬುತ್ತಿ ಹೊತ್ತು ಹೊಲಕ್ಕೆ, ಸಂಜೆ ಮೇವು ಹೊತ್ತು ಮನೆಗೆ ಬರುತ್ತಿದ್ದವಳ ನಡಿಗೆಗೆ ಪರಿಹಾರದ ಪಟ್ಟಿಯಲ್ಲಿ ಕಲಮು ಇರಲಿಲ್ಲ. ಅಕ್ಕ ದಪ್ಪಗಾದಳು, ಮೊಣಕಾಲು ಹಿಡಿದವು. ಕೆಲವು ವರ್ಷ ಕಳೆದ ಮೇಲೆ ತಾನಾಗಿ ಸೊರಗತೊಡಗಿದಳು. ಎಲ್ಲರಿಗೂ ಖುಷಿ. "ಯಕ್ಕಾ, ಹಗರ ಆಗೀದಿ, ಇನ್ನ ಕಾಲು ಹರಿಯೂದಿಲ್ಲ ಬಿಡು" ಎಂದರು. ನಿಜವಾಗಿ ಅವಳ ಕಾಲುನೋವು ಕಡಿಮೆಯೂ ಆಯಿತು. ಸಂಶಯ ಬಂದದ್ದು ಅವಳ ಮಗಳಿಗೆ. ಪಡಸಾಲೆಯಲ್ಲಿ ನಡೆಯುವಾಗ ಅವ್ವನ ಕಾಲಿನ ಚಪ್ಪಲಿ ಜಾರಿ ಹಿಂದೆ ಉಳಿಯಿತು, ಅವ್ವ ಒಂದೇ ಚಪ್ಪಲಿಯಲ್ಲಿ ಅಡಿಗೆಮನೆ ಸೇರಿದಳು. ಕಾಲೆತ್ತಿ ನೋಡಿದರೆ ಅಂಗಾಲಿನಲ್ಲಿ ಬೊಬ್ಬೆ. ಇಟ್ಟಂಗಿ ಕಾಯಿಸಿ, ಮೇಲೆ ಎಕ್ಕಿ ಎಲೆ ಹಾಸಿ ಶಾಖ ಕೊಟ್ಟುಕೊಂಡದ್ದು ಸುಟ್ಟಿತ್ತು, ಸುಟ್ಟದ್ದು ಅವಳಿಗೆ ಗೊತ್ತಾಗಿರಲಿಲ್ಲ. ರಕ್ತ ಪರೀಕ್ಷಿಸಿದರೆ ಸಕ್ಕರೆ ಕಾಯಿಲೆ, ಅದೂ ಹಳೆಯದು. ನೋವು ವಾಸಿಯಾಗಿರಲಿಲ್ಲ, ನೋವು ಹೇಳುವ ನರ ಸತ್ತಿತ್ತು.

ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ದುರಸ್ತಿ ಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ 1946ರಲ್ಲಿ ಅಲ್ಲಿಗೆ ಬಂದವರು. ಬೆರಳು ಹೋಗುವುದು ರೋಗ ತಿನ್ನುವುದರಿಂದಲ್ಲ, ನೋವೇ ಇಲ್ಲದ ಕಾಲು ಗಾಯದ ಮೇಲೂ ನಡೆಯುತ್ತಿರುವುದರಿಂದ ಎಂದು ಅವರು ತೋರಿಸಿಕೊಟ್ಟರು. ನೋವನ್ನು ವರ ಎಂದು ಕರೆದ ವೈದ್ಯರು ಅವರು. ಅಂಥ ಕಾಲುಗಳಿಗೆಂದು ಮಾಡುವ ಎಂಸಿಆರ್ ರಬ್ಬರಿನ ಚಪ್ಪಲಿ ಈಗ ಸಕ್ಕರೆ ಕಾಯಿಲೆಯವರ ಕಾಲಿಗೂ ಬಂದಿದೆ. ಅಕ್ಕ ಅದನ್ನು ಮನೆಯೊಳಗೂ ಮೆಟ್ಟುತ್ತಾಳೆ. ಬಿಸಿನೀರನ್ನು ಮೊಣಕೈ ಮುಟ್ಟಿಸಿ ನೋಡಿ ಕಾಲಿಗೆ ಹಾಕಿಕೊಳ್ಳುತ್ತಾಳೆ. ರಾತ್ರಿ ಮಗಳು ಅಂಗಾಲಿನಡಿ ಕನ್ನಡಿ ಹಿಡಿಯುತ್ತಾಳೆ. ತೂಕದ ಬಗ್ಗೆ ಡಾಕ್ಟರು ಹೇಳಿದ ಒಂದು ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತ ತಿರುಗುತ್ತಿದ್ದೇನೆ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ವರ್ಷದೊಳಗೆ ಮೈತೂಕದ 5 ಪ್ರತಿಶತ, ಅಂದರೆ ಅರವತ್ತು ಕಿಲೋದವರು 3 ಕಿಲೋ ಕಳೆದುಕೊಂಡರೆ ಅದು ವಯಸ್ಸಲ್ಲ. ಸಕ್ಕರೆಯೋ ಥೈರಾಯ್ಡೋ ಕ್ಷಯವೋ ಕ್ಯಾನ್ಸರೋ, ಅಥವಾ ಹಲ್ಲು ಹೋಗಿ ಉಣ್ಣಲಾಗದೆ, ಜೊತೆಗಾರರು ಹೋಗಿ ಉಣ್ಣಲು ಮನಸ್ಸಿಲ್ಲದೆ ಇರಬಹುದು. ಕೇಳಬೇಕು, ತಪಾಸಣೆ ಮಾಡಿಸಬೇಕು. ಊಟದಲ್ಲೂ ಡಾಕ್ಟರು ಹೊಸದೇನೂ ತರಲಿಲ್ಲ. ಜೋಳದ ರೊಟ್ಟಿ ಒಂದು ಕಡಿಮೆ ಮಾಡಿ ಮಡಕಿಕಾಳು, ಹೆಸರುಕಾಳು ಒಂದು ಸೌಟು ಹೆಚ್ಚು ಮಾಡಿ, ಮೊಸರು ಬಿಡಬೇಡಿ ಎಂದರು. ಜೋಳದಲ್ಲಿ ನೂರು ಗ್ರಾಮಿಗೆ ಪ್ರೋಟೀನು ಸುಮಾರು 10 ಗ್ರಾಮಾದರೆ ಕಾಳುಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು. ಮಾಂಸಖಂಡ ಉಳಿಸುವುದು ಅದು, ಅದರ ಜೊತೆಗೆ ನಡಿಗೆ.

ನಡಿಗೆ ಎಂದರೆ ನಮ್ಮಲ್ಲಿ ಶ್ರೀಶೈಲ. ಯುಗಾದಿ ಹತ್ತಿರ ಬಂದಂತೆ ಕಂಬಿ ಹೊತ್ತವರ ಹಿಂದೆ ಜಮಖಂಡಿ, ಮುಧೋಳ, ಬಿಳಗಿ, ರಬಕವಿ-ಬನಹಟ್ಟಿಗಳಿಂದ ಸಾಲುಸಾಲಾಗಿ ಜನ ಮಲ್ಲಯ್ಯನ ಕಡೆ ಹೊರಡುತ್ತಾರೆ. ನಾನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಫಾಲ್ಗುಣದ ಬಿಸಿಲು, ಕೊನೆಗೆ ಆತ್ಮಕೂರಿನಾಚೆ ನಲ್ಲಮಲದ ಕಾಡು. ದಾರಿಯ ಊರೂರಿನಲ್ಲಿ ಪೆಂಡಾಲು, ಪ್ರಸಾದ, ಮಜ್ಜಿಗೆ. ಅವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕಾಲಿನ ಸೇವೆ. ಬುಟ್ಟಿಯಲ್ಲಿ ಬಿಸಿನೀರು, ಬಟ್ಟಲಲ್ಲಿ ಎಣ್ಣೆ, ಬೊಬ್ಬೆಗೆ ಪಟ್ಟಿ. ಸ್ವಂತ ಅಪ್ಪನ ಕಾಲು ಒತ್ತಿ ಎಷ್ಟು ವರ್ಷವಾಯಿತೋ ನೆನಪಿಲ್ಲದ ಹುಡುಗರು ಹೆಸರೂ ಕೇಳದೆ ಪರಊರಿನ ಮುದುಕನ ಹಿಮ್ಮಡ ತಿಕ್ಕುತ್ತಾರೆ. ಮಲ್ಲಯ್ಯನ ದಾರಿಯಲ್ಲಿರುವ ಕಾಲಿಗೆ ಇಷ್ಟು ಮರ್ಯಾದೆ. ಅದೇ ಕಾಲು ಸಂತೆಗೆ, ಗಿರಣಿಗೆ, ಮಗ್ಗಕ್ಕೆ ಹೋಗುವಾಗ ಅದನ್ನು ಬಗ್ಗಿ ನೋಡಲು ಅದರ ಒಡೆಯನಿಗೂ ಪುರಸೊತ್ತಿಲ್ಲ. ಪಾದಯಾತ್ರೆಯ ಹಳಬರು ಜಾಣರು. ಹೊರಡುವುದಕ್ಕೆ ತಿಂಗಳು ಮೊದಲೇ ದಿನಾ ಸ್ವಲ್ಪ ಸ್ವಲ್ಪ ನಡೆದು ಕಾಲು ಪಳಗಿಸುತ್ತಾರೆ, ಹೊಸ ಚಪ್ಪಲಿ ಮೆಟ್ಟಿ ಹೊರಡುವುದಿಲ್ಲ, ಬಿಸಿಲೇರುವ ಮೊದಲು ನಡೆದು ಮಧ್ಯಾಹ್ನ ಮಲಗುತ್ತಾರೆ, ಬೊಬ್ಬೆ ಏಳುವ ಮೊದಲು ಉರಿಯುವಾಗಲೇ ಕೂತುಬಿಡುತ್ತಾರೆ. ಹಿಮ್ಮಡದ ಡಾಕ್ಟರು ನನಗೆ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ, ಅವರು ಫೀಸು ತೆಗೆದುಕೊಂಡರು ಅಷ್ಟೇ.

ಈಚಿನ ವರ್ಷಗಳಲ್ಲಿ ಪಾದಯಾತ್ರೆಯ ಹೊತ್ತಿಗೆ ನಾನು ಜಮಖಂಡಿ ದಾಟಿದ ರಸ್ತೆಯ ಪಕ್ಕದ ಪೆಂಡಾಲಿನಲ್ಲಿ ಎಣ್ಣೆಯ ಬಟ್ಟಲು ಹಿಡಿದು ಕೂಡುತ್ತೇನೆ. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ ಮೇಲೆಯೇ ಬಿಸಿನೀರು. ಬೆರಳ ಸಂದಿ ನೋಡಿದ ಮೇಲೆಯೇ ಎಣ್ಣೆ. ಹೋದ ಸಲ ಎಪ್ಪತ್ತು ದಾಟಿದ ಅಜ್ಜಿಯೊಬ್ಬಳು ಬಂದಳು. ಕಡ್ಡಿಯಂಥ ಮೈ, ತಲೆಯ ಮೇಲೆ ಗಂಟು. ಕೂಡ್ರಿಸಿ ಕಾಲು ಹಿಡಿಯಹೋದರೆ ಹಿಂದಕ್ಕೆ ಎಳೆದುಕೊಂಡಳು. ನನ್ನ ಹೊಟ್ಟೆಯನ್ನೂ ನೀಲಿ ಬೂಟನ್ನೂ ಒಂದು ಸಲ ಅಳೆದು ನೋಡಿದಳು.

"ನನಗ ಎಣ್ಣಿ ಬ್ಯಾಡೋ ಯಪ್ಪಾ, ನಿನ್ನ ಕಾಲಿಗೇ ಹಚ್ಚಿಕೋ. ನಾ ಮಲ್ಲಯ್ಯನ್ನ ಮಾಡಿ ಬಸ್ಸಿನ್ಯಾಗ ಹೊಳ್ಳಿ ಬರೂದ್ರಾಗ ನೀ ಬಿಳಗಿ ತನಕಾರೆ ನಡೀಬೇಕು ನೋಡು" ಎಂದು, ಕೈ ಊರದೆ ಎದ್ದು, ಗಂಟು ತಲೆಗೇರಿಸಿಕೊಂಡು ಹೊರಟೇಬಿಟ್ಟಳು.

ಅಂದಿನಿಂದ ನಡೆಯುತ್ತಿದ್ದೇನೆ. ಸದ್ಯಕ್ಕೆ ಬನಹಟ್ಟಿಯಿಂದ ರಬಕವಿ ಮುಟ್ಟಿದ್ದೇನೆ, ಅಲ್ಲಿ ಸಕ್ಕರೆ ಹಾಕದ ಚಹಾ ಕೊಡುವ ಒಂದು ಮನೆಯನ್ನೂ ಹುಡುಕಿಕೊಂಡಿದ್ದೇನೆ. ಬಿಳಗಿ ಇನ್ನೂ ದೂರ ಇದೆ.